ಅಶ್ವಗಂಧ ಚೂರ್ಣಕ್ಕೆ ಗಾಮಾ ಕೊಡಿಸಬೇಕೇ?

ಪ್ರಶ್ನೆ: ಚೂರ್ಣ ತಯಾರಿಸುವ ಮಹಿಳಾ ಗುಂಪಿನವರು, ಚಿಂಚೋಳಿ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮ ಊರಿನಲ್ಲಿ ಹನ್ನೊಂದು ಜನ ಹೆಣ್ಣುಮಕ್ಕಳು ಸೇರಿ ಆರು ವರ್ಷಗಳಿಂದ ಅಶ್ವಗಂಧ, ತ್ರಿಫಲ ಮತ್ತು ಅಮೃತಬಳ್ಳಿಯ ಚೂರ್ಣವನ್ನು ತಯಾರಿಸಿ, ಒಂದು ಆಯುರ್ವೇದ ಔಷಧ ತಯಾರಕರಿಗೆ ಕೊಡುತ್ತಿದ್ದೇವೆ. ನಮ್ಮ ಹಿರಿಯರು ಹಿರೇಮದ್ದು ಎಂದು ಕರೆಯುವ ಅಶ್ವಗಂಧವನ್ನು ಸುತ್ತಲಿನ ರೈತರು ಮುಂಗಾರಿಗೆ ಬಿತ್ತಿ, ಸಂಕ್ರಾಂತಿ ಕಳೆದ ಮೇಲೆ ಬೇರು ಕಿತ್ತು ತಂದುಕೊಡುತ್ತಾರೆ. ನಾವು ಅದನ್ನು ಅಂಗಳದ ಶಹಾಬಾದ್ ಪರಸಿಯ ಮೇಲೆ ಒಣಗಿಸಿ, ಊರಿನ ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿದು ಚೀಲ ತುಂಬುತ್ತೇವೆ.

ಈ ಸಲ ಕಳುಹಿಸಿದ 180 ಕೆಜಿ ಅಶ್ವಗಂಧ ಚೂರ್ಣ ವಾಪಸು ಬಂದಿದೆ. ಜೊತೆಗೆ ಬಂದ ಪ್ರಯೋಗಾಲಯ ವರದಿಯಲ್ಲಿ ಒಂದು ಗ್ರಾಂಗೆ ಒಟ್ಟು ಬ್ಯಾಕ್ಟೀರಿಯಾ ಎಣಿಕೆ 8 ಲಕ್ಷ, ಬೂಷ್ಟಿನ ಎಣಿಕೆ 4 ಸಾವಿರ ಎಂದಿದೆ. ಇರಬೇಕಾದ ಮಿತಿ ಕ್ರಮವಾಗಿ 1 ಲಕ್ಷ ಮತ್ತು 1 ಸಾವಿರವಂತೆ. ಇ-ಕೋಲಿ, ಸಾಲ್ಮೊನೆಲ್ಲಾ ಮಾತ್ರ ಕಂಡುಬಂದಿಲ್ಲ. ಖರೀದಿದಾರರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಗಾಮಾ ಕೊಡಿಸಿ ಕಳುಹಿಸಿರಿ, ತೆಗೆದುಕೊಳ್ಳುತ್ತೇವೆ." ಗಾಮಾ ಎಂದರೆ ಸೂಕ್ಷ್ಮಾಣುಗಳನ್ನು ಕೊಲ್ಲಲು ಹಾಯಿಸುವ ವಿಕಿರಣವಂತೆ.

ನಮ್ಮ ಮಾವನವರು ನಾಟಿ ವೈದ್ಯರು. ಅಣುಶಕ್ತಿಯ ಕಿರಣ ಹಾಯಿಸಿದ ಬೇರಿನಲ್ಲಿ ಗುಣ ಉಳಿಯುತ್ತದೆಯೇ, ತಿಂದವರ ಮೈಗೆ ಆ ಕಿರಣ ಸೇರುವುದಿಲ್ಲವೇ ಎಂದು ಅವರು ಕೇಳುತ್ತಿದ್ದಾರೆ. ನನಗೆ ಉತ್ತರ ಕೊಡಲು ಆಗಲಿಲ್ಲ. ಇದನ್ನು ಎಲ್ಲಿ, ಹೇಗೆ ಮಾಡಿಸುತ್ತಾರೆ, ಇದೊಂದರಿಂದ ಚೂರ್ಣ ನಿಜವಾಗಿಯೂ ಸುರಕ್ಷಿತವಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ: ಸೂಕ್ಷ್ಮಜೀವಿ ವಿಜ್ಞಾನದ ಉಪನ್ಯಾಸಕ, ಕಲಬುರಗಿ

ಅಕ್ಕಾವರೇ, ನಿಮ್ಮ ಮಾವನವರ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರದಲ್ಲಿ ಯಾವ ಅನುಮಾನವೂ ಇಲ್ಲ. ಕಿರಣ ಹಾಯಿಸಿದ ಚೂರ್ಣ ವಿಕಿರಣಶೀಲವಾಗುವುದಿಲ್ಲ. ಈ ಘಟಕಗಳಲ್ಲಿ ಸಾಮಾನ್ಯವಾಗಿ ಕೋಬಾಲ್ಟ್-60 ಎಂಬ ಲೋಹದ ಸರಳುಗಳನ್ನು ಮೊಹರು ಮಾಡಿದ ಕೊಳವೆಗಳಲ್ಲಿ ಇಟ್ಟಿರುತ್ತಾರೆ. ಕೆಲಸವಿಲ್ಲದಾಗ ಅವು ಆಳವಾದ ನೀರಿನ ತೊಟ್ಟಿಯ ತಳದಲ್ಲಿರುತ್ತವೆ, ಕೆಲಸವಿದ್ದಾಗ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ ಮೇಲೇರುತ್ತವೆ, ಸರಕಿನ ಪೆಟ್ಟಿಗೆಗಳು ಅವುಗಳ ಸುತ್ತ ಹಾದು ಹೊರಬರುತ್ತವೆ. ಚೂರ್ಣಕ್ಕೆ ತಗಲುವುದು ಕಿರಣ ಮಾತ್ರ, ಲೋಹ ಎಂದಿಗೂ ತಗಲುವುದಿಲ್ಲ. ಆ ಕಿರಣದ ಶಕ್ತಿ 1.17 ಮತ್ತು 1.33 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್‌ನಷ್ಟಿದ್ದು, ಬೇರಿನಲ್ಲಿರುವ ಇಂಗಾಲ, ಆಮ್ಲಜನಕಗಳ ಪರಮಾಣು ಬೀಜವನ್ನು ಕದಡುವ ಬಲ ಅದಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡು ಮನೆಗೆ ಬಂದವರ ಮೈಯಿಂದ ಎಕ್ಸ್-ರೇ ಹೊಮ್ಮುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನು ಅದು ಮಾಡುವ ಕೆಲಸ. ಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋ ಪದಾರ್ಥ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಮೂಲಿಕೆಗಳಿಗೆ ಕೊಡುವ 10 ಕಿಲೋಗ್ರೇಯನ್ನು ನೀರಿಗೆ ಕೊಟ್ಟರೆ ಅದರ ಬಿಸಿ ಹೆಚ್ಚೆಂದರೆ 2.4 ಡಿಗ್ರಿ ಏರುತ್ತದೆ, ನಮ್ಮ ಏಪ್ರಿಲ್ ಬಿಸಿಲಿನ ಮುಂದೆ ಇದು ಲೆಕ್ಕಕ್ಕೇ ಬಾರದು. ಹಾಗಾದರೆ ಸೂಕ್ಷ್ಮಾಣು ಸಾಯುವುದು ಹೇಗೆ? ಜೀವಕೋಶದ ಡಿಎನ್‌ಎ ಎಳೆಗಳು ತುಂಡಾಗುವುದರಿಂದ. ಹಾಗೆ ತುಂಡಾದ ಜೀವಿ ವಂಶ ಬೆಳೆಸಲಾರದು.

ನಿಮ್ಮ 8 ಲಕ್ಷವನ್ನೇ ಹಿಡಿದು ಲೆಕ್ಕ ಹಾಕೋಣ. ಬೇರಿಗೆ ಅಂಟಿದ ಮಣ್ಣಿನಿಂದ ಬರುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಕಗಳಾಗಿ ಕುಳಿತಿರುತ್ತವೆ, ಬಿಸಿಲಿಗೂ ಜಗ್ಗುವುದಿಲ್ಲ. ಅವುಗಳ ಸಂಖ್ಯೆ ಹತ್ತರಲ್ಲಿ ಒಂದಕ್ಕೆ ಇಳಿಯಲು ಸುಮಾರು 2 ಕಿಲೋಗ್ರೇ ಬೇಕೆಂದು ಇಟ್ಟುಕೊಂಡರೆ, 2 ಕಿಲೋಗ್ರೇಗೆ 8 ಲಕ್ಷ ಹೋಗಿ 80 ಸಾವಿರ, 4ಕ್ಕೆ 8 ಸಾವಿರ, 6ಕ್ಕೆ 800. ನಿಜವಾದ ಚೂರ್ಣದಲ್ಲಿ ಹಲವು ಜಾತಿಗಳು ಬೆರೆತಿರುವುದರಿಂದ ಇಳಿಕೆ ಇಷ್ಟು ನೇರವಾಗಿರುವುದಿಲ್ಲ, ಆದರೆ ಅಂದಾಜು ಇದೇ. ಒಣ ಪದಾರ್ಥದಲ್ಲಿ ನೀರಿನಿಂದ ಹುಟ್ಟುವ ಚುರುಕು ಕಣಗಳು ಕಡಿಮೆಯಾದ್ದರಿಂದ ಸೂಕ್ಷ್ಮಾಣುಗಳೂ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಅದೇ ಕಾರಣಕ್ಕೆ ಬೇರಿನ ಸಾರವೂ ಅಷ್ಟು ಸುಲಭವಾಗಿ ಕೆಡುವುದಿಲ್ಲ.

10 ಕಿಲೋಗ್ರೇವರೆಗಿನ ಸರಾಸರಿ ಪ್ರಮಾಣದಿಂದ ಆಹಾರದಲ್ಲಿ ವಿಷದ ಅಪಾಯ ಉಂಟಾಗುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲಿಯೇ ತೀರ್ಮಾನಿಸಿತು. ನಮ್ಮ ದೇಶದಲ್ಲಿ ಒಣ ಮಸಾಲೆ ಪದಾರ್ಥಗಳ ಸೂಕ್ಷ್ಮಾಣು ನಿವಾರಣೆಗೆ 6ರಿಂದ 14 ಕಿಲೋಗ್ರೇ ಅನುಮತಿ ಇದೆ. ನಿಮ್ಮ ಚೂರ್ಣಕ್ಕೂ ಅದೇ ಅನ್ವಯಿಸುತ್ತದೆ ಎಂದು ಭಾವಿಸುತ್ತೇನೆ.

ಉತ್ತರ: ಆಯುರ್ವೇದ ವೈದ್ಯ, ಬೀದರ್

ಉಪನ್ಯಾಸಕರ ಕೊನೆಯ ವಾಕ್ಯವನ್ನು ಸ್ವಲ್ಪ ತಿದ್ದಬೇಕು. ವಿಕಿರಣ ಸಂಸ್ಕರಣೆಗೆ ಸಂಬಂಧಿಸಿದ 2012ರ ಪರಮಾಣು ಶಕ್ತಿ ನಿಯಮಗಳಲ್ಲಿ ಆಯುರ್ವೇದ ಮೂಲಿಕೆಗಳು, ಅವುಗಳ ಉತ್ಪನ್ನಗಳು ಮತ್ತು ಔಷಧಗಳಿಗೆ ಪ್ರತ್ಯೇಕ ಸಾಲೇ ಇದೆ. ಹುಳು ನಿವಾರಣೆಗೆ 0.25ರಿಂದ 1 ಕಿಲೋಗ್ರೇ, ಸೂಕ್ಷ್ಮಾಣು ನಿವಾರಣೆಗೆ 5ರಿಂದ 10, ಸಂಪೂರ್ಣ ನಿರ್ಜೀವೀಕರಣಕ್ಕೆ 10ರಿಂದ 25. ಔಷಧವಾಗಿ ಹೋಗುವ ಚೂರ್ಣಕ್ಕೆ ಮಸಾಲೆಯ 14 ಹಿಡಿಯಬಾರದು. ಬಾಯಿಂದ ಸೇವಿಸುವ ಚೂರ್ಣಕ್ಕೆ ಸಂಪೂರ್ಣ ನಿರ್ಜೀವೀಕರಣದ ಅಗತ್ಯವೂ ಇಲ್ಲ.

ತಂಗೀ, ನಿನ್ನ ಮಾವನವರು ಕೇಳಿದ ಗುಣದ ಪ್ರಶ್ನೆ ಬಹಳ ಯೋಗ್ಯವಾದದ್ದು. ಅದಕ್ಕೆ ಎಲ್ಲ ಮೂಲಿಕೆಗಳಿಗೂ ಒಂದೇ ಉತ್ತರ ಹೇಳುವವರನ್ನು ನಂಬಬಾರದು. ಇಸಬ್‌ಗೋಲ್‌ನಂತಹ ಲೋಳೆಯ ಮೂಲಿಕೆಯ ಕೆಲಸವೆಲ್ಲ ಅದರ ಉದ್ದನೆಯ ಸಕ್ಕರೆ ಸರಪಳಿಗಳಿಂದ ಆಗುತ್ತದೆ. ಕಿರಣ ಆ ಸರಪಳಿಗಳನ್ನು ಕತ್ತರಿಸುವುದರಿಂದ ಲೋಳೆ ತೆಳುವಾಗುತ್ತದೆ, ಲೋಳೆ ತೆಳುವಾದರೆ ಮದ್ದಿನ ಅರ್ಧ ಕೆಲಸವೇ ಹೋಯಿತು. ತುಳಸಿ, ಓಂಕಾಳಿನಂತಹ ಸುಗಂಧದ ಮೂಲಿಕೆಗಳಲ್ಲಿ ಎಣ್ಣೆಯ ಅಂಶ ಕಿರಣದ ಪ್ರಮಾಣ ಹೆಚ್ಚಿದಷ್ಟೂ ಬದಲಾಗಬಹುದು, ಎಣ್ಣೆಕಾಳುಗಳಲ್ಲಿ ಕಮಟು ವಾಸನೆ ಬರಬಹುದು. ನೆಲ್ಲಿಯಲ್ಲಿ ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುವ ಸಾಧ್ಯತೆ ಇದೆ. ಅಶ್ವಗಂಧದಂತಹ ಗಟ್ಟಿ ಬೇರಿನಲ್ಲಿ ಇಂತಹ ಭಯ ಕಡಿಮೆ, ಆದರೂ ನಿನ್ನದೇ ಬ್ಯಾಚಿನ ಎರಡು ಮಾದರಿಗಳನ್ನು, ಕಿರಣಕ್ಕೆ ಮೊದಲಿನದೊಂದು ಮತ್ತು ಅನಂತರದ್ದೊಂದು, ಅಶ್ವಗಂಧದ ಮುಖ್ಯ ಸಾರವಾದ ವಿಥನೊಲೈಡ್‌ನ ಪರೀಕ್ಷೆಗೆ ಕಳುಹಿಸಿ ಎರಡು ವರದಿಗಳನ್ನೂ ಮಾವನವರ ಮುಂದೆ ಇಡು. ನನ್ನ ಮಾತಿಗಿಂತ ಅದು ಅವರಿಗೆ ಒಪ್ಪಿಗೆಯಾದೀತು.

ನಾನು ಕಿರಣದ ವಿರೋಧಿಯಲ್ಲ. ಅದಕ್ಕೆ ಕಾರಣ ನನ್ನ ಚಿಕಿತ್ಸಾಲಯದಲ್ಲೇ ಕಂಡದ್ದು. ದೀರ್ಘ ಜ್ವರದಿಂದ ಎದ್ದ ಒಬ್ಬ ಅಜ್ಜಿಗೆ ಅಶ್ವಗಂಧವನ್ನು ಬೆಚ್ಚನೆಯ ಹಾಲಿನಲ್ಲಿ ಕೊಡಲು ಹೇಳಿದ್ದೆ. ಮನೆಯವರು ರಾತ್ರಿಯೇ ಹಾಲಿಗೆ ಚೂರ್ಣ ಕಲಸಿ, ಮುಚ್ಚಿಟ್ಟು, ಬೆಳಿಗ್ಗೆ ಕುಡಿಸುತ್ತಿದ್ದರು. ಮೂರನೆಯ ದಿನ ವಾಂತಿ, ಭೇದಿ. ಕಷಾಯವಾದರೆ ಕುದಿಯುತ್ತದೆ, ಚೂರ್ಣ ಕುದಿಯುವುದಿಲ್ಲ. ಬೀಜಕಗಳು ಬೆಚ್ಚನೆಯ ಹಾಲಿನಲ್ಲಿ ಇಡೀ ರಾತ್ರಿ ಮೊಳೆತು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಅಂದಿನಿಂದ ಕಲಸಿದ ತಕ್ಷಣ ಕುಡಿಯಬೇಕೆಂದು ಚೀಟಿಯ ಮೇಲೆಯೇ ಬರೆದುಕೊಡುತ್ತೇನೆ.

ಇನ್ನೊಂದು ಮಾತು. ಚೂರ್ಣದ ವೀರ್ಯ ಎರಡು ತಿಂಗಳಲ್ಲಿ ಕುಗ್ಗುತ್ತದೆಂದು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಇಂದಿನ ಪೊಟ್ಟಣಗಳ ಮೇಲೆ ಅದಕ್ಕಿಂತ ಎಷ್ಟೋ ದೀರ್ಘವಾದ ಅವಧಿ ಅಚ್ಚಾಗುತ್ತದೆ. ಗುಣ ಹೋಯಿತೆಂದು ಕಿರಣವನ್ನು ಬೈಯುವ ನಾವು, ಕಪಾಟಿನಲ್ಲಿ ಕುಳಿತ ಕಾಲವನ್ನು ಮಾತ್ರ ಎಂದೂ ಬೈಯುವುದಿಲ್ಲ.

ಉತ್ತರ: ಒಣ ಶುಂಠಿ ಮತ್ತು ಮಸಾಲೆ ಪುಡಿ ವ್ಯಾಪಾರಿ, ಕಲಬುರಗಿ

ಅಕ್ಕಾವರೇ, ಬೀದರಿನ ಶುಂಠಿಯನ್ನು ಒಣಗಿಸಿ ಪುಡಿ ಮಾಡಿ ಮಾರುವವನು ನಾನು. ನಾಲ್ಕು ಸಲ ಗಾಮಾ ಕೊಡಿಸಿದ್ದೇನೆ, ಮೊದಲ ಸಲ ಕೈ ಸುಟ್ಟುಕೊಂಡಿದ್ದೇನೆ. ಆದ್ದರಿಂದ ವಿಜ್ಞಾನವನ್ನು ಬಲ್ಲವರಿಗೆ ಬಿಟ್ಟು ವ್ಯವಹಾರವನ್ನಷ್ಟೇ ಬರೆಯುತ್ತೇನೆ.

ಸರ್ಕಾರಿ ವಲಯದಲ್ಲಿ ಮಸಾಲೆಗಾಗಿಯೇ ಕಟ್ಟಿದ ಘಟಕ ನವಿ ಮುಂಬೈನ ವಾಶಿಯಲ್ಲಿ 2000ದಿಂದ ಇದೆ. ನಮಗೆ ಅನುಕೂಲವಾದವು ಹೈದರಾಬಾದ್ ಮತ್ತು ಬೆಂಗಳೂರು ಕಡೆಯ ಖಾಸಗಿ ಘಟಕಗಳು. ಯಾವುದೇ ಆಗಲಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ ಎಂದು ಮೊದಲು ಕೇಳಿರಿ. ಅವರ ದರ ದೊಡ್ಡ ಲೋಡಿನ ಲೆಕ್ಕದಲ್ಲಿರುತ್ತದೆ. 180 ಕೆಜಿಗೆ ಕನಿಷ್ಠ ಶುಲ್ಕ ಕಟ್ಟುವ ಬದಲು, ಅದೇ ವಾರ ಕಳುಹಿಸುವ ಬೇರೆ ವ್ಯಾಪಾರಿಗಳ ಜೊತೆ ಒಂದೇ ಲಾರಿಯಲ್ಲಿ ಹಾಕಿದರೆ ಬಾಡಿಗೆಯೂ ಹಗುರವಾಗುತ್ತದೆ.

ನನ್ನ ತಪ್ಪು ಇದು. ಮೊದಲ ಸಲ ಪುಡಿಯನ್ನು 25 ಕೆಜಿ ಚೀಲದಲ್ಲಿ ಕಳುಹಿಸಿದೆ. ವಾಪಸು ಬಂದ ಮೇಲೆ ಗೋದಾಮಿನಲ್ಲಿ ಚೀಲ ಬಿಚ್ಚಿ, ನೆಲದ ಮೇಲೆ ತಾಡಪತ್ರಿ ಹಾಸಿ, ಹುಡುಗರ ಕೈಯಿಂದ ನೂರು ಗ್ರಾಂ ಪೊಟ್ಟಣ ತುಂಬಿಸಿದೆ. ಪೊಟ್ಟಣದ ಪರೀಕ್ಷೆ ಮಾಡಿಸಿದರೆ ಎಣಿಕೆ ಹೆಚ್ಚುಕಡಿಮೆ ಮೊದಲಿನಷ್ಟೇ ಆಗಿತ್ತು. ಗಾಮಾ ಹಾಯಿಸಿದ ಪುಡಿಗೆ ಮುಂದೆ ಸೂಕ್ಷ್ಮಾಣು ಸೇರದಂತೆ ಕಾಯುವ ಯಾವ ಶಕ್ತಿಯೂ ಬರುವುದಿಲ್ಲ, ಅಂದಿನ ಮಟ್ಟಿಗೆ ಇದ್ದದ್ದು ಸಾಯುತ್ತದೆ, ಅಷ್ಟೇ. ಒಮ್ಮೆ ಸಂಸ್ಕರಿಸಿದ ಆಹಾರವನ್ನು ಮತ್ತೆ ಕಿರಣಕ್ಕೆ ಒಡ್ಡುವುದೂ ಸಾಮಾನ್ಯವಾಗಿ ಒಪ್ಪಿತವಲ್ಲ. ಹಣ ನೀರಿನಲ್ಲಿ ಹೋಯಿತು. ಆದ್ದರಿಂದ ಕೊನೆಗೆ ಗ್ರಾಹಕರ ಕೈಗೆ ಹೋಗುವ ಪೊಟ್ಟಣವನ್ನೇ, ಅಥವಾ ಖರೀದಿದಾರರು ನೇರವಾಗಿ ಯಂತ್ರಕ್ಕೆ ಸುರಿಯುವ ಮೊಹರು ಮಾಡಿದ ಪಾಲಿಥೀನ್ ಚೀಲವನ್ನೇ ಕಳುಹಿಸಿರಿ. ಕಿರಣ ಪೆಟ್ಟಿಗೆಯ ಆಚೆಗೂ ಹಾಯುತ್ತದೆ, ಬಿಚ್ಚಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ ಅಂಟಿಸುವ ಹಳದಿ ಚುಕ್ಕೆ ಕೆಂಪಾಗಿ ಬಂದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ. ಅದು ಕಿರಣ ತಗಲಿತೆಂದು ಹೇಳುತ್ತದೆಯೇ ಹೊರತು ಎಷ್ಟು ತಗಲಿತೆಂದು ಹೇಳುವುದಿಲ್ಲ. ಪೆಟ್ಟಿಗೆಯ ಹೊರಮೈಗೆ ಹೆಚ್ಚು, ನಡುಭಾಗಕ್ಕೆ ಕಡಿಮೆ ತಗಲುತ್ತದೆ. ಅದನ್ನು ಕಿರಣದ ಪ್ರಮಾಣ ತೋರಿಸುವ ಡೋಸಿಮೀಟರ್ ಇಟ್ಟು ಅಳೆದು, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆದ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಇಷ್ಟು ತಾಸು ಇಟ್ಟಿದ್ದೆವು ಎಂಬ ಬಾಯಿಮಾತು ಸಾಲದು, ಏಕೆಂದರೆ ಕೋಬಾಲ್ಟ್ ವರ್ಷಕ್ಕೆ ಸುಮಾರು ಶೇಕಡಾ 12ರಷ್ಟು ಸೊರಗುತ್ತದೆ, ಹೋದ ವರ್ಷದ ತಾಸು ಈ ವರ್ಷಕ್ಕೆ ಸಾಲುವುದಿಲ್ಲ.

ಆಹಾರವಾಗಿ ಮಾರುವುದಾದರೆ ಹಸಿರು ರಾಡುರಾ ಚಿಹ್ನೆ ಮತ್ತು ವಿಕಿರಣದಿಂದ ಸಂಸ್ಕರಿಸಲಾಗಿದೆ ಎಂಬ ಬರಹ ಪೊಟ್ಟಣದ ಮೇಲೆ ಇರಲೇಬೇಕು. ನಿಮ್ಮದು ಔಷಧದ ಕಚ್ಚಾ ಸರಕು. ಖರೀದಿದಾರರಿಂದ ಈ ವಿಷಯವನ್ನು ಬರವಣಿಗೆಯಲ್ಲಿ ಪಡೆಯಿರಿ. ಅವರ ಮಾಲು ಯುರೋಪಿಗೆ ಹೋಗುವುದಿದ್ದರೆ ಇನ್ನೂ ಎಚ್ಚರ ಬೇಕು, ಕಿರಣ ಕೊಡಿಸಬಹುದಾದ ಆಹಾರಗಳ ಅಲ್ಲಿನ ಒಕ್ಕೂಟದ ಪಟ್ಟಿಯಲ್ಲಿ ಇರುವುದು ಒಣ ಸುಗಂಧ ಮೂಲಿಕೆ ಮತ್ತು ಮಸಾಲೆ ಮಾತ್ರ. ಯಾರಾದರೂ ಗಾಮಾ ಬದಲು ಎಥಿಲೀನ್ ಆಕ್ಸೈಡ್ ಅನಿಲ ಕೊಡಿಸಿ, ಅಗ್ಗವಾಗುತ್ತದೆ ಎಂದರೆ ಕೈ ಮುಗಿದು ಬಿಡಿರಿ. ಅದು ಕ್ಯಾನ್ಸರ್‌ಕಾರಕವೆಂದು ದೃಢಪಟ್ಟ ಅನಿಲ, ಅದರ ಶೇಷ ಪುಡಿಯಲ್ಲಿ ಉಳಿಯುತ್ತದೆ.

ಉತ್ತರ: ಔಷಧ ಅಂಗಡಿಯವರು, ಯಾದಗಿರಿ

ಮೇಲಿನ ಮೂವರೂ ಬಲ್ಲವರು, ಆದರೂ ನನಗೆ ಸಮಾಧಾನವಿಲ್ಲ. ಎಣಿಕೆ ಹೆಚ್ಚು ಬಂದಿದೆ ಎಂದರೆ ಎಲ್ಲಿಯೋ ಕೊಳೆ ಸೇರಿದೆ ಎಂದು ಅರ್ಥ. ಗಾಮಾ ಕೊಡಿಸಿದರೆ ಕೊಳೆ ಹೋಗುವುದಿಲ್ಲ, ಕೊಳೆಯನ್ನು ತೋರಿಸಿಕೊಡುತ್ತಿದ್ದ ಸಾಕ್ಷಿ ಮಾತ್ರ ಹೋಗುತ್ತದೆ. ನಾಳೆ ಕೋಳಿ ಓಡಾಡಿದ ಅಂಗಳದ ಬೇರಿಗೂ ಶುದ್ಧ ವರದಿ ಬರುತ್ತದೆ. ಇದನ್ನು ಸುರಕ್ಷತೆ ಎನ್ನಬೇಕೇ?

ಉತ್ತರ: ಸೂಕ್ಷ್ಮಜೀವಿ ವಿಜ್ಞಾನದ ಉಪನ್ಯಾಸಕ, ಕಲಬುರಗಿ

ವೈದ್ಯರ ತಿದ್ದುಪಡಿಯನ್ನು ಒಪ್ಪುತ್ತೇನೆ, 5ರಿಂದ 10 ಎಂಬುದೇ ಸರಿ. ಯಾದಗಿರಿಯವರ ಆಕ್ಷೇಪವೂ ನ್ಯಾಯವಾದದ್ದು, ನಾನು ಮೊದಲೇ ಬರೆಯಬೇಕಾಗಿತ್ತು. ಸಾಕ್ಷಿ ಪೂರ್ತಿ ಅಳಿಯುವುದಿಲ್ಲ ಎಂಬುದೊಂದೇ ಸಮಾಧಾನ: ಸೂಕ್ಷ್ಮದರ್ಶಕದಲ್ಲಿ ಸತ್ತ ಸೂಕ್ಷ್ಮಾಣುಗಳನ್ನೂ ಸೇರಿಸಿ ಎಣಿಸುವ ವಿಧಾನವಿದೆ, ಆ ಸಂಖ್ಯೆ ಬಹಳ ದೊಡ್ಡದಿದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದು ಬರುವ, ಅಂದರೆ ಬದುಕಿರುವವುಗಳ ಸಂಖ್ಯೆ ಬಹಳ ಚಿಕ್ಕದಿದ್ದರೆ, ಕೊಳಕು ಸರಕಿಗೆ ಕಿರಣ ಕೊಡಿಸಿದ್ದಾರೆಂಬ ಅನುಮಾನ ಬರುತ್ತದೆ. ಆದರೆ ಪ್ರತಿ ಪೊಟ್ಟಣಕ್ಕೂ ಯಾರೂ ಇದನ್ನು ಮಾಡಿಸುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯವೆಂದರೆ ಕಿರಣದಿಂದ ಸಾಯುವುದು ಜೀವವಿರುವುದು ಮಾತ್ರ. ಅಕ್ಕಾವರೇ, ನಿಮ್ಮ ವರದಿಯ 8 ಲಕ್ಷಕ್ಕಿಂತ ಬೂಷ್ಟಿನ 4 ಸಾವಿರವೇ ನನ್ನನ್ನು ಹೆಚ್ಚು ಕಾಡುತ್ತಿದೆ. ಬೇರು ಹಸಿಯಾಗಿ ರಾಶಿಯಲ್ಲಿ ಬಿದ್ದಿದ್ದಾಗ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಬೆಳೆದಿದ್ದರೆ ಅದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಟ್ಟಿರಬಹುದು. ಬೂಷ್ಟು ಸತ್ತರೂ ವಿಷ ಅಲ್ಲಿಯೇ ಉಳಿಯುತ್ತದೆ. ಔಷಧಕ್ಕೆ ಕೊಡುವ ಪ್ರಮಾಣದ ಕಿರಣವನ್ನಾಗಲಿ, ಕುದಿಯುವ ನೀರನ್ನಾಗಲಿ ಅದು ಲೆಕ್ಕಿಸುವುದಿಲ್ಲ, ಯಕೃತ್ತಿಗೆ ಮಾತ್ರ ಕೇಡು ಮಾಡುತ್ತದೆ. ಹೊಲದಲ್ಲಿ ಸಿಂಪಡಿಸಿದ ಕೀಟನಾಶಕದ ಶೇಷವೂ, ಮಣ್ಣಿನಿಂದ ಬಂದ ಸೀಸ, ಪಾದರಸವೂ ಹಾಗೆಯೇ. ಆಯುರ್ವೇದ ಔಷಧಕ್ಕೆ ಸೀಸ ದಶಲಕ್ಷದಲ್ಲಿ 10 ಭಾಗ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ ಮೀರಬಾರದೆಂಬ ಮಿತಿ ಇದೆ. ಎಷ್ಟು ಕಿಲೋಗ್ರೇ ಕೊಟ್ಟರೂ ಈ ಅಂಕಿಗಳು ಕದಲುವುದಿಲ್ಲ.

ಆದ್ದರಿಂದ 180 ಕೆಜಿಯನ್ನು ಲಾರಿಗೆ ಹಾಕುವ ಮೊದಲು ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿರಿ. ಅದರಲ್ಲಿ ಸೋತರೆ ಗಾಮಾಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿರಿ. ಜೊತೆಗೆ ಕಿತ್ತ ಬೇರು, ತೊಳೆದು ಒಣಗಿಸಿದ ಬೇರು, ಬೀಸಿದ ಪುಡಿ, ಈ ಮೂರರಿಂದಲೂ ಒಂದೊಂದು ಹಿಡಿ ಮಾದರಿ ತೆಗೆದು ಎಣಿಕೆ ಮಾಡಿಸಿರಿ. ಕೊಳೆ ಯಾವ ಮೆಟ್ಟಿಲಿನಲ್ಲಿ ಸೇರುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ತಿಳಿದುಬಂದದ್ದನ್ನು ಬರೆಯುವುದು ನನ್ನ ಕರ್ತವ್ಯ.

ಕೆಂಪು ಮಣ್ಣಿನ ಹೊಲದ ಬೇರನ್ನು ಒಂದು ಸಲ ಒದರಿದರೆ ಮಣ್ಣು ಉದುರುತ್ತದೆ, ಎರೆಹೊಲದ ಬೇರಿಗೆ ಮಣ್ಣು ಮೇಣದಂತೆ ಹಿಡಿದಿರುತ್ತದೆ. ಇಲ್ಲಿಯವರೆಗೆ ಒಣಗಿದ ಮೇಲೆ ಬಡಿದು ಉದುರಿಸುತ್ತಿದ್ದೆವು. ಈ ಸಲ ಹರಿಯುವ ಕೊಳವೆಬಾವಿ ನೀರಿನಲ್ಲಿ ಎರಡು ಬಾರಿ ತೊಳೆದು, ಬೆರಳುದ್ದ ಕತ್ತರಿಸಿ, ಪರಸಿಯ ಬದಲು ಸೊಂಟದೆತ್ತರದ ಬಲೆಯ ಮಂಚದ ಮೇಲೆ ತೆಳುವಾಗಿ ಹರವಿದೆವು. ಐದನೆಯ ದಿನಕ್ಕೆ ಬೇರು ಕೈಯಲ್ಲಿ ಟಕ್ಕೆಂದು ಮುರಿಯಿತು.

ತೊಳೆಯದ ಬೇರಿನಲ್ಲಿ ಎಣಿಕೆ 30 ಲಕ್ಷ ಇತ್ತು, ತೊಳೆದು ಒಣಗಿಸಿದ್ದರಲ್ಲಿ 90 ಸಾವಿರಕ್ಕೆ ಇಳಿದಿತ್ತು. ನಮಗೆ ಬಹಳ ಹಿಗ್ಗಾಯಿತು. ಅದೇ ಬೇರನ್ನು ಬೀಸಿಸಿದ ಪುಡಿಯಲ್ಲಿ ಮತ್ತೆ 6 ಲಕ್ಷ. ಗಿರಣಿಗೆ ಹೋಗಿ ನೋಡಿದರೆ, ಪುಡಿ ಬೀಳುವ ಬಾಯಿಗೆ ಕಟ್ಟುವ ಬಟ್ಟೆಯ ಚೀಲದ ಹೊಲಿಗೆಗಳಲ್ಲಿ ಖಾರ, ಜೋಳ, ಅರಿಶಿನ ಎಲ್ಲವೂ ಪದರ ಪದರವಾಗಿ ಕೂತಿದ್ದವು, ಒಳಗಡೆ ನುಸಿ ಹರಿದಾಡುತ್ತಿತ್ತು. ಆ ಚೀಲವನ್ನು ಯಾವಾಗ ಒಗೆದದ್ದು ಎಂದು ಕೇಳಿದರೆ ಗಿರಣಿಯವರು ನಕ್ಕರು.

ಹಳೆಯ 180 ಕೆಜಿಯ ಅಫ್ಲಾಟಾಕ್ಸಿನ್ ವರದಿ ಇನ್ನೂ ಬಂದಿಲ್ಲ, ಬರುವವರೆಗೆ ಲಾರಿಗೆ ಹೇಳುವುದಿಲ್ಲ. ವರದಿ ಸರಿಯಿದ್ದರೆ 5ರಿಂದ 10 ಕಿಲೋಗ್ರೇ ಎಂದು ಬರವಣಿಗೆಯಲ್ಲಿ ಕೊಟ್ಟು ಮೊಹರು ಚೀಲದಲ್ಲೇ ಹೈದರಾಬಾದಿಗೆ ಕಳುಹಿಸುತ್ತೇವೆ, ವೈದ್ಯರು ಹೇಳಿದಂತೆ ಮೊದಲಿನ ಮಾದರಿಯನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಮಾವನವರು ಎರಡೂ ವರದಿಗಳನ್ನು ನೋಡಿ ಮಾತಾಡುತ್ತೇನೆ ಎಂದಿದ್ದಾರೆ. ಗಿರಣಿಯ ಚೀಲವನ್ನು ಮಾತ್ರ ತಾವೇ ಬಿಚ್ಚಿಸಿ ತಂದು ಒಲೆಗೆ ಹಾಕಿದರು. ಗಿರಣಿಯವರಿಗೆ ಹೊಸದಾಗಿ ಎರಡು ಚೀಲ ಹೊಲಿದು ಕೊಟ್ಟಿದ್ದೇವೆ, ಒಂದು ಊರಿನ ಖಾರಕ್ಕೆ, ಇನ್ನೊಂದು ನಮ್ಮ ಬೇರಿಗೆ.